ಹಳೆ ವಿಡಿಯೋ ಗೇಮ್‌ಗಳನ್ನು ಹೊಸಬರ ಕೈಗೆ ಕೊಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಕ್ಕಳಿಗೋ, ಗೆಳೆಯರಿಗೋ, ಗೇಮ್ ಅಂದರೆ ದೂರ ಸರಿಯುವ ಮನೆಯವರಿಗೋ ಹಳೆ ವಿಡಿಯೋ ಗೇಮ್‌ಗಳ ರುಚಿ ತೋರಿಸಬೇಕು ಅಂತ ಆಸೆ ಇರುವವರು ನನ್ನನ್ನು ಕೇಳುವ ಪ್ರಶ್ನೆಗಳಿವು. ಎಲ್ಲರಿಗೂ ನಾನು ಮೊದಲು ಹೇಳುವುದು ಒಂದೇ ಮಾತು: ಹೊಸಬರಿಗೆ ಸಾವಿರ ಗೇಮ್ ಕೊಡಬೇಡಿ, ಮೂರು ಕೊಡಿ. ಆಮೇಲೆ ಪಕ್ಕದಲ್ಲಿ ಕೂತುಕೊಳ್ಳಿ.

ಎಮ್ಯುಲೇಟರ್ ಅಂದರೆ ಏನು?

ಹಳೆ ಗೇಮ್ ಯಂತ್ರ ಮಾಡುತ್ತಿದ್ದ ಕೆಲಸವನ್ನು ಇವತ್ತಿನ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಮಾಡುವ ಸಾಫ್ಟ್‌ವೇರ್. ನಿಂಟೆಂಡೊದ ಫ್ಯಾಮಿಕಾಮ್ ಯಂತ್ರ 1983ರಲ್ಲಿ ಜಪಾನಿನಲ್ಲಿ ಬಂತು. ಅದರೊಳಗಿನ ಪ್ರೊಸೆಸರ್ ಲೆಕ್ಕ ಹಾಕುತ್ತಿತ್ತು, ಇನ್ನೊಂದು ಚಿಪ್ ಚಿತ್ರ ಬಿಡಿಸುತ್ತಿತ್ತು, ಜೊತೆಗೆ ಸದ್ದು ಹೊರಡುತ್ತಿತ್ತು. ಇದೆಲ್ಲವನ್ನೂ ಎಮ್ಯುಲೇಟರ್ ಹಾಗೆಯೇ ಮಾಡಿ ತೋರಿಸುತ್ತದೆ. ಕ್ಯಾಸೆಟ್‌ನೊಳಗೆ ಇದ್ದದ್ದನ್ನು ಫೈಲ್ ಮಾಡಿಟ್ಟರೆ ಅದಕ್ಕೆ ರೋಮ್ ಅನ್ನುತ್ತಾರೆ. ಸೂಪರ್ ಮಾರಿಯೋ ಬ್ರದರ್ಸ್ ಪೂರ್ತಿ ಗೇಮ್ ಬರೀ 40 ಕೆಬಿ. ಅದರಲ್ಲೇ 32 ಲೆವೆಲ್, ಅದರಲ್ಲೇ ಎಲ್ಲ ಹಾಡು. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು.

ಇವು ನಾವು ಚಿಕ್ಕವರಿದ್ದಾಗ ಟಿವಿಗೆ ಹಾಕಿ ಆಡುತ್ತಿದ್ದ ಗೇಮ್‌ಗಳೇ ಅಲ್ವಾ?

ಹೌದು, ಬಹಳಷ್ಟು ಅವೇ. 90ರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಲಿಟಲ್ ಮಾಸ್ಟರ್, ಮೀಡಿಯಾ ತರಹದ ಯಂತ್ರಗಳು ಫ್ಯಾಮಿಕಾಮ್‌ನ ನಕಲುಗಳು. ಕಾಂಟ್ರಾ, ರೋಡ್ ಫೈಟರ್, ಬಾಂಬರ್‌ಮ್ಯಾನ್, ಸರ್ಕಸ್, ಅಡ್ವೆಂಚರ್ ಐಲ್ಯಾಂಡ್ ಎಲ್ಲ ಫ್ಯಾಮಿಕಾಮ್‌ಗೆ ಬಂದಿದ್ದ ಗೇಮ್‌ಗಳೇ. ಬೆಂಗಳೂರಿನವರು ಎಸ್‌ಪಿ ರೋಡ್, ನ್ಯಾಷನಲ್ ಮಾರ್ಕೆಟ್ ಸುತ್ತಿ ತಂದ '9999 ಇನ್ 1' ಕ್ಯಾಸೆಟ್ ನೆನಪಿರಬೇಕು. ಪಟ್ಟಿ ಉದ್ದ ಇರುತ್ತಿತ್ತು, ಆದರೆ ಒಳಗಿದ್ದ ಗೇಮ್‌ಗಳು ಕೆಲವೇ. ಅದೇ ಗೇಮ್ ಬೇರೆ ಲೆವೆಲ್‌ನಿಂದ ಶುರುವಾದರೆ ಅದಕ್ಕೊಂದು ಬೇರೆ ನಂಬರ್.

ಇವತ್ತು ಟಿವಿಗೆ ಚುಚ್ಚುವ '10,000 ಗೇಮ್' ಸ್ಟಿಕ್‌ಗಳಲ್ಲೂ ಇದೇ ಕಥೆ. ಅವುಗಳ ಜೊತೆ ಬರುವ ವೈರ್‌ಲೆಸ್ ಕಂಟ್ರೋಲರ್‌ಗಳಲ್ಲಿ ಬಟನ್ ಒತ್ತಿದ ಮೇಲೆ ತಡವಾಗಿ ಹಾರುವುದು ಜಾಸ್ತಿ. ಹೊಸಬರು ಬಿದ್ದಾಗ 'ನನಗೆ ಬರಲ್ಲ' ಅಂತ ತಿಳಿದುಕೊಳ್ಳುತ್ತಾರೆ. ತಪ್ಪು ಯಂತ್ರದ್ದು ಅಂತ ಅವರಿಗೆ ಗೊತ್ತಾಗುವುದಿಲ್ಲ. ಅದಕ್ಕೇ ಅಂಥ ಸ್ಟಿಕ್ ಬೇಡ ಅನ್ನುತ್ತೇನೆ.

ಶುರು ಮಾಡಲು ಏನು ಕೊಳ್ಳಬೇಕು?

ಏನೂ ಬೇಡ. ಕೈಯಲ್ಲಿರುವ ಫೋನ್ ಸಾಕು. ಆಂಡ್ರಾಯ್ಡ್‌ನಲ್ಲಿ ಲೆಮುರಾಯ್ಡ್ ಅನ್ನುವ ಎಮ್ಯುಲೇಟರ್ ಹೊಸಬರಿಗೆ ಸುಲಭ. ರೆಟ್ರೋಆರ್ಚ್‌ನಲ್ಲಿ ಎಲ್ಲವೂ ಇದೆ, ಆದರೆ ಅದರ ಮೆನು ನೋಡಿ ಹೆದರುವವರೇ ಹೆಚ್ಚು. ಸೋನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರ ಪಿಎಸ್‌ಪಿಯ ಗೇಮ್‌ಗಳಿಗೆ ಪಿಪಿಎಸ್‌ಎಸ್‌ಪಿಪಿ ಇದೆ. ಐಫೋನ್‌ನವರಿಗೆ ಮೊದಲು ಸುಲಭದ ದಾರಿ ಇರಲಿಲ್ಲ. 2024ರ ಏಪ್ರಿಲ್‌ನಲ್ಲಿ ಆಪಲ್ ತನ್ನ ನಿಯಮ ಸಡಿಲಿಸಿದ ಮೇಲೆ ಡೆಲ್ಟಾ ಅನ್ನುವ ಎಮ್ಯುಲೇಟರ್ ನೇರವಾಗಿ ಆಪ್ ಸ್ಟೋರ್‌ಗೇ ಬಂತು.

ಒಂದೇ ಒಂದು ಖರ್ಚು ಮಾಡಬಹುದು ಅಂತಿದ್ದರೆ ಬ್ಲೂಟೂತ್ ಕಂಟ್ರೋಲರ್‌ಗೆ ಮಾಡಿ. ಗಾಜಿನ ಮೇಲೆ ಬೆರಳಿಟ್ಟು ಮಾರಿಯೋ ಆಡುವುದು ಕಷ್ಟ. ಬಟನ್ ಎಲ್ಲಿದೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ, ಕಣ್ಣು ಪದೇ ಪದೇ ಕೆಳಗೆ ಹೋಗುತ್ತದೆ, ಅಷ್ಟರಲ್ಲಿ ಹಳ್ಳಕ್ಕೆ ಬಿದ್ದಿರುತ್ತೀರಿ.

ಹಾಗಾದರೆ ಕೈಯಲ್ಲಿ ಹಿಡಿದು ಆಡುವ ಆ ಚಿಕ್ಕ ಗೇಮ್ ಯಂತ್ರಗಳು, ಅಂದರೆ ಹ್ಯಾಂಡ್‌ಹೆಲ್ಡ್‌ಗಳು, ಯಾಕೆ?

ಫೋನಿನಲ್ಲಿ ಆಡುವಾಗ ಕಾಲ್ ಬರುತ್ತದೆ, ಮೆಸೇಜ್ ಬರುತ್ತದೆ. ಹ್ಯಾಂಡ್‌ಹೆಲ್ಡ್‌ನಲ್ಲಿ ಗೇಮ್ ಬಿಟ್ಟು ಬೇರೇನೂ ಇಲ್ಲ. ಬಟನ್ ಒತ್ತಿದರೆ ಆನ್, ನಿಲ್ಲಿಸಿದಲ್ಲಿಂದಲೇ ಮತ್ತೆ ಶುರು. ಹೊಸಬರಿಗೆ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ.

ಮಿಯೂ ಮಿನಿ ಪ್ಲಸ್, ಆನ್‌ಬರ್ನಿಕ್‌ನ ಆರ್‌ಜಿ35ಎಕ್ಸ್‌ಎಕ್ಸ್ ಸಾಲಿನವು ನಾನು ಮೊದಲು ತೋರಿಸುವ ಯಂತ್ರಗಳು. ಎರಡಕ್ಕೂ 3.5 ಇಂಚಿನ, 640×480ರ ಪರದೆ. ಹಳೆ ಟಿವಿಯ ಹಾಗೆ 4:3 ಆಕಾರ, ಅದಕ್ಕೇ ಫ್ಯಾಮಿಕಾಮ್‌ನಿಂದ ಹಿಡಿದು ಮೊದಲ ಪ್ಲೇಸ್ಟೇಷನ್‌ವರೆಗಿನ ಗೇಮ್‌ಗಳು ಚೆನ್ನಾಗಿ ಕೂರುತ್ತವೆ. ಮಿಯೂಗೆ ಅನಲಾಗ್ ಸ್ಟಿಕ್ (ಎಲ್ಲ ದಿಕ್ಕಿಗೂ ಬೆರಳಿನಿಂದ ವಾಲಿಸುವ ಪುಟ್ಟ ಕಡ್ಡಿ) ಇಲ್ಲ. ಸ್ಟಿಕ್ ಬೇಕಾದವರು ಆರ್‌ಜಿ35ಎಕ್ಸ್‌ಎಕ್ಸ್ ಎಚ್ ನೋಡಬಹುದು. ನಿಂಟೆಂಡೊದ ಹಳೆ ಹ್ಯಾಂಡ್‌ಹೆಲ್ಡ್ ಆದ ಗೇಮ್ ಬಾಯ್ ಅಡ್ವಾನ್ಸ್‌ನ ಗೇಮ್ ಮಾತ್ರ ಸಾಕು ಅನ್ನುವವರಿಗೆ ಆರ್‌ಜಿ34ಎಕ್ಸ್‌ಎಕ್ಸ್ ಚಂದ. ಆ ಗೇಮ್‌ಗಳ ಮೂಲ ಚಿತ್ರ 240×160, ಈ ಯಂತ್ರದ ಪರದೆ 720×480. ಸರಿಯಾಗಿ ಮೂರು ಪಟ್ಟು, ಒಂದು ಚುಕ್ಕೆಯೂ ಹೆಚ್ಚುಕಮ್ಮಿ ಇಲ್ಲ.

ಪಿಎಸ್‌2 (ಎರಡನೇ ಪ್ಲೇಸ್ಟೇಷನ್), ನಿಂಟೆಂಡೊದ ಗೇಮ್‌ಕ್ಯೂಬ್‌ನ ಗೇಮ್ ಬೇಕು ಅಂದರೆ ಈ ಚಿಕ್ಕವು ಆಗುವುದಿಲ್ಲ. ಅದಕ್ಕೆ ರೆಟ್ರಾಯ್ಡ್ ಪಾಕೆಟ್‌ನ ದೊಡ್ಡ ಮಾಡೆಲ್‌ಗಳು, ಇಲ್ಲವೇ ಸ್ಟೀಮ್ ಡೆಕ್ ಬೇಕು. ಹೊಸಬರಿಗೆ ಅಷ್ಟೊಂದು ಸುರಿಯುವುದು ಬೇಡ.

ಭಾರತದಲ್ಲಿ ಕೊಳ್ಳುವಾಗ ಏನು ನೋಡಬೇಕು?

ಅಲಿಎಕ್ಸ್‌ಪ್ರೆಸ್ 2020ರ ನವೆಂಬರ್‌ನಲ್ಲಿ ಇಲ್ಲಿ ನಿಷೇಧವಾಯಿತು. ಅದಕ್ಕೇ ಹೆಚ್ಚಿನವರು ಆನ್‌ಲೈನ್ ಅಂಗಡಿಗಳಲ್ಲಿರುವ ಮರುಮಾರಾಟಗಾರರಿಂದ ಕೊಳ್ಳುತ್ತಾರೆ. ಒಂದೇ ಯಂತ್ರದ ಬೆಲೆ ಒಬ್ಬೊಬ್ಬರಲ್ಲಿ ಒಂದೊಂದು ಇರುತ್ತದೆ. ಆರ್36ಎಸ್ ಅನ್ನುವ ಅಗ್ಗದ ಯಂತ್ರಕ್ಕಂತೂ ನಕಲಿಗಳೂ ಬಂದಿವೆ. ಹೊರಗಿಂದ ಗುರುತು ಸಿಗುವುದಿಲ್ಲ. ವಾಪಸ್ ತಗೊಳ್ಳುವ ಮಾರಾಟಗಾರರಾದರೆ ಮಾತ್ರ ಕೊಳ್ಳಿ.

ಇನ್ನೊಂದು ಚಿಕ್ಕ ವಿಷಯ. ಕೆಲವು ಅಗ್ಗದ ಹ್ಯಾಂಡ್‌ಹೆಲ್ಡ್‌ಗಳು ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ. ಯಂತ್ರ ಕೆಟ್ಟಿದೆ ಅಂದುಕೊಳ್ಳಬೇಡಿ. ಒಂದು ತುದಿ ಹಳೆ ಅಗಲ ಯುಎಸ್‌ಬಿ ಇರುವ ಕೇಬಲ್ ಹಾಕಿ, ಸಾಮಾನ್ಯ ಚಾರ್ಜರ್‌ಗೆ ಚುಚ್ಚಿ ನೋಡಿ.

ಮೊದಲು ಯಾವ ಗೇಮ್ ಕೊಡಬೇಕು?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಹೆಚ್ಚಿನವರು ತಮಗೆ ಇಷ್ಟವಾದ ಗೇಮ್ ಕೊಡುತ್ತಾರೆ. ನೀವು ವರ್ಷಗಟ್ಟಲೆ ಆಡಿ ಕರಗತ ಮಾಡಿಕೊಂಡ ಕಾಂಟ್ರಾವನ್ನು ಕಂಟ್ರೋಲರ್ ಹಿಡಿದೇ ಇರದ ಅತ್ತಿಗೆಯ ಕೈಗೆ ಕೊಟ್ಟರೆ ಮೂರು ಲೈಫ್ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಅವರು ಕಂಟ್ರೋಲರ್ ವಾಪಸ್ ಕೊಟ್ಟು ಎದ್ದು ಹೋಗುತ್ತಾರೆ.

ಗೇಮ್ ಆಡಿಯೇ ಗೊತ್ತಿಲ್ಲದವರಿಗೆ ನಾನು ಕೊಡುವುದು ಗೇಮ್ ಬಾಯ್‌ನ ಟೆಟ್ರಿಸ್, 1989ರದ್ದು. ಓದುವುದೇನೂ ಇಲ್ಲ. ಶತ್ರು ಇಲ್ಲ. ಇಟ್ಟಿಗೆ ಬೀಳುತ್ತದೆ, ತಿರುಗಿಸಿ ಕೂರಿಸಬೇಕು, ಸಾಲು ತುಂಬಿದರೆ ಮಾಯ. ಎಪ್ಪತ್ತು ದಾಟಿದವರೂ ಇದನ್ನು ಬೇಗ ಹಿಡಿದುಕೊಳ್ಳುತ್ತಾರೆ.

ಆಮೇಲೆ 1992ರ ಕರ್ಬೀಸ್ ಡ್ರೀಮ್ ಲ್ಯಾಂಡ್. ಇದನ್ನು ಮಾಡಿದ ಮಸಾಹಿರೊ ಸಕುರೈ ಹೊಸಬರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದರು. ಕರ್ಬಿ ಗಾಳಿ ತುಂಬಿಕೊಂಡು ಹಾರಬಲ್ಲ. ಹಳ್ಳಕ್ಕೆ ಬೀಳುವ ಭಯ ಅಲ್ಲೇ ಅರ್ಧ ಹೋಯಿತು. ಒಂದು ಸಂಜೆಯಲ್ಲಿ ಮುಗಿಸಬಹುದು. ಮೊದಲ ಸಲ ಒಂದು ಗೇಮನ್ನು ಪೂರ್ತಿ ಮುಗಿಸಿದವರ ಮುಖ ನೋಡಬೇಕು. ಆ ಖುಷಿ ಸಿಕ್ಕಿದರೆ ಅವರು ತಾವಾಗಿಯೇ ಮುಂದಿನದು ಕೇಳುತ್ತಾರೆ.

ಮೂರನೆಯದು ಆ ಮನುಷ್ಯನನ್ನು ನೋಡಿ ಆರಿಸಬೇಕು. ಕಾರು ಇಷ್ಟ ಅಂದರೆ ರೋಡ್ ಫೈಟರ್. ಮಾತು, ಕಥೆ ಬೇಕು ಅನ್ನುವವರಿಗೆ ಪೋಕೆಮಾನ್ ಫೈರ್‌ರೆಡ್. ಇಬ್ಬರು ಒಟ್ಟಿಗೆ ಆಡುವವರಿಗೆ ಸೂಪರ್ ಬಾಂಬರ್‌ಮ್ಯಾನ್. ಚೆಸ್ ಆಡುವವರಿಗೆ ಅಡ್ವಾನ್ಸ್ ವಾರ್ಸ್. ನನ್ನ ಅಕ್ಕನ ಮಗಳು ಹತ್ತು ನಿಮಿಷಕ್ಕಿಂತ ಹೆಚ್ಚು ಒಂದು ಕಡೆ ಕೂರುವವಳಲ್ಲ. ಅವಳಿಗೆ ವಾರಿಯೊವೇರ್ ಕೊಟ್ಟೆ. ಅದರಲ್ಲಿ ಒಂದೊಂದು ಆಟವೂ ಕೆಲವೇ ಸೆಕೆಂಡು. ಪರದೆ ಮೇಲೆ ಒಂದೇ ಪದ ಬರುತ್ತದೆ, ಏನು ಮಾಡಬೇಕು ಅಂತ ತಟ್ಟನೆ ಊಹಿಸಬೇಕು. ಊಟಕ್ಕೆ ಕರೆದರೂ ಏಳಲಿಲ್ಲ.

ಮಾರಿಯೋದಿಂದ ಶುರು ಮಾಡಬಾರದಾ?

ಮಾಡಬಹುದು. 1985ರ ಆ ಗೇಮ್‌ನ ಮೊದಲ ಲೆವೆಲ್ ಹೊಸಬರಿಗೆ ತಾನೇ ಪಾಠ ಹೇಳುತ್ತದೆ. ಗಮನವಿಟ್ಟು ನೋಡಿ. ಮಾರಿಯೋ ಎಡಗಡೆ ನಿಂತಿರುತ್ತಾನೆ, ಬಲಗಡೆ ಖಾಲಿ. ಎಲ್ಲಿಗೆ ಹೋಗಬೇಕು ಅಂತ ಯಾರೂ ಹೇಳಬೇಕಿಲ್ಲ. ಎರಡು ಹೆಜ್ಜೆ ಇಟ್ಟರೆ ಪ್ರಶ್ನೆ ಚಿಹ್ನೆಯ ಡಬ್ಬಿ, ಎದುರಿಂದ ಅಣಬೆಯಂಥ ಶತ್ರು. ತಾಗಿದರೆ ಸಾವು, ಆದರೆ ಅದು ಶುರುವಿನಲ್ಲೇ. ಕಳೆದುಕೊಂಡದ್ದು ಏನೂ ಇಲ್ಲ. ಸ್ವಲ್ಪ ಮುಂದೆ ಡಬ್ಬಿ ಗುದ್ದಿದರೆ ಅಣಬೆ ಹೊರಬರುತ್ತದೆ, ಬಲಕ್ಕೆ ಜಾರುತ್ತದೆ, ಪೈಪಿಗೆ ಬಡಿದು ನಿಮ್ಮ ಕಡೆಗೇ ವಾಪಸ್ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಲು ಹೋದವರಿಗೂ ಅದು ಬಂದು ತಾಗುವುದೇ ಜಾಸ್ತಿ. ತಾಗಿದರೆ ಮಾರಿಯೋ ದೊಡ್ಡವನಾಗುತ್ತಾನೆ. ಇದು ಒಳ್ಳೆಯದು ಅಂತ ಕಲಿತಾಯಿತು. ಒಂದು ಅಕ್ಷರ ಓದದೆ!

ಅದಕ್ಕೇ ಹೊಸಬರು ಈ ಲೆವೆಲ್ ಆಡುವಾಗ ನೀವು ಬಾಯಿ ಮುಚ್ಚಿಕೊಂಡಿರಬೇಕು. 'ಹಾರು, ಈಗ ಹಾರು' ಅಂತ ಕೂಗಿದರೆ ಆ ಕಲಿಯುವ ಸುಖವನ್ನು ಅವರಿಂದ ಕಿತ್ತುಕೊಂಡ ಹಾಗೆ. ಒಂದೇ ಸುಳಿವು ಕೊಡಬಹುದು: ಬಟನ್ ಹೆಚ್ಚು ಹೊತ್ತು ಒತ್ತಿ ಹಿಡಿದರೆ ಹೆಚ್ಚು ಎತ್ತರ ಹಾರುತ್ತಾನೆ. ಇದೊಂದು ಗೊತ್ತಿಲ್ಲದೆ ಎಷ್ಟೋ ಜನ ಸೋತು ಬಿಟ್ಟಿದ್ದಾರೆ. ಅದೂ ಕಷ್ಟವಾದರೆ 1990ರ ಸೂಪರ್ ಮಾರಿಯೋ ವರ್ಲ್ಡ್ ಕೊಡಿ. ಅದರಲ್ಲಿ ಸೇವ್ ಇದೆ, ಮನಸ್ಸೂ ಮೆತ್ತಗಿದೆ.

ಸೇವ್ ಸ್ಟೇಟ್, ರಿವೈಂಡ್ ಎಲ್ಲ ಬಳಸಿದರೆ ಮೋಸ ಅಲ್ವಾ?

ಅಲ್ಲ. ಸೇವ್ ಸ್ಟೇಟ್ ಅಂದರೆ ಆಟವನ್ನು ಯಾವ ಕ್ಷಣದಲ್ಲಾದರೂ ಹಾಗೇ ಹಿಡಿದಿಟ್ಟು ಆಮೇಲೆ ಅಲ್ಲಿಂದಲೇ ಆಡುವ ಎಮ್ಯುಲೇಟರಿನ ಅನುಕೂಲ, ರಿವೈಂಡ್ ಅಂದರೆ ಆಟವನ್ನು ಹಿಂದಕ್ಕೆ ಓಡಿಸುವುದು. ಮೋಸ ಅನ್ನುವ ಮಾತು ಹೇಳಿ ಹೊಸಬರನ್ನು ಹೆದರಿಸುವವರ ಮೇಲೆ ನನಗೆ ಬೇಸರ. ಹಳೆ ಗೇಮ್‌ಗಳು ಕಷ್ಟ ಇರಲು ಕಾರಣಗಳಿವೆ. ಪಾರ್ಲರ್ ಗೇಮ್ ಆದರೆ ನೀವು ಬೇಗ ಸೋತು ಮತ್ತೊಂದು ಕಾಸು ಹಾಕಬೇಕಿತ್ತು. ಮನೆಯ ಕ್ಯಾಸೆಟ್ ಆದರೆ ಅದರಲ್ಲಿ ಜಾಗವೇ ಇರಲಿಲ್ಲ. ಚಿಕ್ಕ ಗೇಮ್ ಬಹಳ ದಿನ ಬಾಳಬೇಕು ಅಂದರೆ ಕಷ್ಟ ಮಾಡಬೇಕಿತ್ತು. ಆಗ ನಮ್ಮ ಬಳಿ ಇಡೀ ಬೇಸಿಗೆ ರಜೆ ಇತ್ತು. ಈಗ ಆಫೀಸಿನಿಂದ ಬಂದು ಅರ್ಧ ಗಂಟೆ ಆಡುವವರಿಗೆ ಅದೇ ಶಿಕ್ಷೆ ಯಾಕೆ?

ಕಾಂಟ್ರಾದಲ್ಲಿ 30 ಲೈಫ್ ಕೊಡುವ ಗುಟ್ಟನ್ನು ಕೊನಾಮಿಯವರೇ ಇಟ್ಟಿದ್ದರು: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ, ಸ್ಟಾರ್ಟ್. ಕಜುಹಿಸಾ ಹಶಿಮೊಟೊ ಅನ್ನುವವರು ಗ್ರೇಡಿಯಸ್ ಗೇಮ್ ಪರೀಕ್ಷಿಸಲು ತಮಗೇ ಕಷ್ಟವಾಯಿತು ಅಂತ ಈ ಬಗೆಯ ಗುಟ್ಟು ಸೇರಿಸಿದ್ದು. ಗೇಮ್ ಮಾಡಿದವರಿಗೇ ಬೇಕಾದ ಸಹಾಯ ಹೊಸಬರಿಗೆ ಬೇಡವೇ?

ಆದರೆ ಒಂದು ಎಚ್ಚರ. ಸೇವ್ ಸ್ಟೇಟ್ ಬೇರೆ, ಗೇಮ್‌ನೊಳಗಿನ ಸೇವ್ ಬೇರೆ. ಪೋಕೆಮಾನ್ ಒಳಗೆ ಸೇವ್ ಮಾಡಿ, ಆಮೇಲೆ ಹಿಂದಿನ ವಾರದ ಸೇವ್ ಸ್ಟೇಟ್ ತೆರೆದರೆ ಆಟ ಆ ವಾರಕ್ಕೇ ಹೋಗುತ್ತದೆ. ಅಲ್ಲಿಂದ ಮತ್ತೆ ಸೇವ್ ಒತ್ತಿದರೆ ಹೊಸದು ಅಳಿಸಿಹೋಗುತ್ತದೆ. ಉದ್ದ ಗೇಮ್‌ಗಳಲ್ಲಿ ಒಳಗಿನ ಸೇವ್ ನಂಬಿ. ಕಷ್ಟದ ಜಾಗದಲ್ಲಿ ಮಾತ್ರ ಸೇವ್ ಸ್ಟೇಟ್.

ಇದೆಲ್ಲ ಕಾನೂನಿಗೆ ಸರಿಯೇ?

ಎಮ್ಯುಲೇಟರ್ ಸರಿ. 2000ದಲ್ಲಿ ಸೋನಿ ಮತ್ತು ಕನೆಕ್ಟಿಕ್ಸ್ ನಡುವಿನ ಕೇಸಿನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಪ್ಲೇಸ್ಟೇಷನ್ ಎಮ್ಯುಲೇಟರ್ ಮಾಡಿದವರ ಪರವಾಗಿ ತೀರ್ಪು ಕೊಟ್ಟಿತು. ಪ್ರಶ್ನೆ ಇರುವುದು ರೋಮ್‌ಗಳದ್ದು. ನಮ್ಮ 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನ್ಯಾಯವಾಗಿ ನಿಮ್ಮ ಕೈಯಲ್ಲಿರುವ ಪ್ರೋಗ್ರಾಂ ಹಾಳಾಗದಂತೆ ಬ್ಯಾಕಪ್ ಪ್ರತಿ ಮಾಡಿಕೊಳ್ಳಬಹುದು. ಇಂಟರ್ನೆಟ್‌ನಿಂದ ಇಳಿಸಿಕೊಳ್ಳುವುದು ಅದಲ್ಲ. ಗೇಮ್ ಹಳೆಯದು ಅಂದ ಮಾತ್ರಕ್ಕೆ ಹಕ್ಕು ಮುಗಿದಿಲ್ಲ. 80ರ ದಶಕದ ಗೇಮ್‌ಗಳಿಗೆ ಇನ್ನೂ ಎಷ್ಟೋ ವರ್ಷ ಇದೆ. ಹ್ಯಾಂಡ್‌ಹೆಲ್ಡ್ ಜೊತೆ ಕಾರ್ಡಿನಲ್ಲಿ ತುಂಬಿಸಿ ಕೊಡುವ ಸಾವಿರಾರು ಗೇಮ್‌ಗಳಿಗೂ ಸಾಮಾನ್ಯವಾಗಿ ಯಾರ ಅನುಮತಿಯೂ ಇರುವುದಿಲ್ಲ. ಪ್ಲೇಸ್ಟೇಷನ್ ಯಂತ್ರ ಶುರುವಾಗಲು ಬಳಸುವ ಬಯೋಸ್ ಫೈಲ್‌ಗೂ ಇದೇ ಮಾತು.

ಅಸಲಿ ಕ್ಯಾಸೆಟ್ ಇದ್ದರೆ ಅದರಿಂದಲೇ ಫೈಲ್ ತೆಗೆಯುವ ಉಪಕರಣಗಳಿವೆ. ಗೇಮ್ ಬಾಯ್ ಕ್ಯಾಸೆಟ್‌ಗಳಿಗೆ ಜಿಬಿ ಆಪರೇಟರ್ ಅಂಥದ್ದು. ಪ್ಲೇಸ್ಟೇಷನ್ ಡಿಸ್ಕ್ ಆದರೆ ಕಂಪ್ಯೂಟರಿನ ಡಿವಿಡಿ ಡ್ರೈವ್ ಸಾಕು.

ಕೊಳ್ಳಲು ಸಿಗುವುದನ್ನು ಕೊಂಡೇ ಆಡಿ. ಕಾಂಟ್ರಾ, ಕ್ಯಾಸಲ್‌ವೇನಿಯಾ, ಮೆಗಾ ಮ್ಯಾನ್ ಸಂಕಲನಗಳು ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಬಂದಿವೆ. ದುಃಖದ ಸಂಗತಿ ಅಂದರೆ ಹೆಚ್ಚಿನವು ಸಿಗುವುದೇ ಇಲ್ಲ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ನಡೆಸಿದ ಅಧ್ಯಯನದಲ್ಲಿ ಅಲ್ಲಿ ಬಿಡುಗಡೆಯಾದ ಹಳೆ ಗೇಮ್‌ಗಳ ಪೈಕಿ ನೂರಕ್ಕೆ 87 ಮಾರುಕಟ್ಟೆಯಲ್ಲೇ ಇಲ್ಲ ಅಂತ ಕಂಡುಬಂತು. ಕೊಡುತ್ತೇನೆ ಅಂದರೂ ದುಡ್ಡು ತಗೊಳ್ಳುವವರು ಇಲ್ಲ. ಇವನ್ನು ಉಳಿಸುವ ಕೆಲಸ ಮಾಡುತ್ತಿರುವ ಎಮ್ಯುಲೇಟರ್ ಬರೆಯುವವರ ಬಗ್ಗೆ ನನಗೆ ಬಹಳ ಗೌರವ ಇದೆ.

ಯಾವ ತಕರಾರೂ ಇಲ್ಲದ, ಪುಕ್ಕಟೆ ಗೇಮ್‌ಗಳು ಇವೆಯೇ?

ಇವೆ, ಚೆನ್ನಾಗಿಯೂ ಇವೆ. ಹಳೆ ಯಂತ್ರಗಳಿಗೆ ಇವತ್ತೂ ಹೊಸ ಗೇಮ್ ಮಾಡುವವರಿದ್ದಾರೆ. ಗೇಮ್ ಬಾಯ್‌ಗೆ ಟೋಬು ಟೋಬು ಗರ್ಲ್ ಸುಮ್ನೆ ಇಳಿಸಿಕೊಂಡು ಆಡಬಹುದು. ದುಡ್ಡು ಕೊಡುವುದಾದರೆ 2019ರ ಮೈಕ್ರೋ ಮೇಜಸ್. ಮಾರಿಯೋದ ಹಾಗೆಯೇ 40 ಕೆಬಿ, ನಾಲ್ಕು ಜನ ಒಟ್ಟಿಗೆ ಆಡಬಹುದು. ಕಥೆ ಗೇಮ್ ಬೇಕಾದರೆ 1994ರ ಬಿನೀತ್ ಎ ಸ್ಟೀಲ್ ಸ್ಕೈ. ಅದನ್ನು ಮಾಡಿದವರೇ 2003ರಲ್ಲಿ ಪುಕ್ಕಟೆ ಬಿಟ್ಟರು, ಹಳೆ ಕಥೆ ಗೇಮ್‌ಗಳನ್ನು ಓಡಿಸುವ ಸ್ಕಮ್‌ವಿಎಮ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಓಡುತ್ತದೆ.

ಚಿತ್ರ ಅಗಲಗಲ ಕಾಣುತ್ತದೆ, ಆಟ ನಿಧಾನ ಅನ್ನಿಸುತ್ತದೆ. ಯಾಕೆ?

ಅಗಲ ಕಾಣುವುದು 4:3 ಚಿತ್ರವನ್ನು ಅಗಲ ಪರದೆಗೆ ಎಳೆದಿರುವುದರಿಂದ. ಸೆಟ್ಟಿಂಗ್‌ನಲ್ಲಿ ಆಸ್ಪೆಕ್ಟ್ ರೇಶಿಯೋ ಸರಿ ಮಾಡಿ, ಎರಡು ಬದಿ ಕಪ್ಪು ಇದ್ದರೂ ಇರಲಿ. ನಿಧಾನ ಆಗಿದ್ದರೆ ಯುರೋಪಿನ ಪ್ರತಿ ಹಾಕಿರಬಹುದು. ಅಲ್ಲಿನ ಪಾಲ್ (PAL) ಪದ್ಧತಿಯ ಟಿವಿ ಸೆಕೆಂಡಿಗೆ 50 ಸಲ, ಜಪಾನ್ ಮತ್ತು ಅಮೆರಿಕದ್ದು 60 ಸಲ ಚಿತ್ರ ಬದಲಿಸುತ್ತಿತ್ತು. ಬಹಳ ಗೇಮ್‌ಗಳನ್ನು ಸರಿಹೊಂದಿಸದೆ ಹಾಗೇ ಬಿಟ್ಟರು, ಹಾಡೂ ನಿಧಾನ, ಓಟವೂ ನಿಧಾನ. ಟಿವಿಗೆ ಹಾಕಿ ಆಡುವವರು ಟಿವಿಯ ಗೇಮ್ ಮೋಡ್ ಆನ್ ಮಾಡಲು ಮರೆಯಬೇಡಿ.

ಡಕ್ ಹಂಟ್ ಗನ್ ಈಗಿನ ಟಿವಿಯಲ್ಲಿ ಯಾಕೆ ಕೆಲಸ ಮಾಡುವುದಿಲ್ಲ?

ಗನ್ ಏನನ್ನೂ ಹಾರಿಸುತ್ತಿರಲಿಲ್ಲ, ಅದು ನೋಡುತ್ತಿತ್ತು. ಟ್ರಿಗರ್ ಒತ್ತಿದ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತಿತ್ತು. ಗನ್ನಿನ ತುದಿಯ ಸೆನ್ಸರ್‌ಗೆ ಆ ಬೆಳಕು ಸರಿಯಾದ ಹೊತ್ತಿಗೆ ಕಂಡರೆ ಗುರಿ ತಾಗಿತು ಅಂತ ಲೆಕ್ಕ. ಈಗಿನ ಟಿವಿ ಚಿತ್ರವನ್ನು ತಡವಾಗಿ ತೋರಿಸುತ್ತದೆ, ಆ ಹೊತ್ತು ತಪ್ಪಿಹೋಗುತ್ತದೆ. ಎಮ್ಯುಲೇಟರ್‌ನಲ್ಲಾದರೆ ಮೌಸ್ ಅಥವಾ ಟಚ್ ಸ್ಕ್ರೀನ್ ಬಳಸಿ ಆಡಬಹುದು.

'ಮುಸ್ತಫಾ' ಗೇಮ್ ಬೇಕು. ಹೆಸರೇ ಸಿಗುತ್ತಿಲ್ಲ.

ಅದರ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್, 1993. ಹಳದಿ ಟೋಪಿಯ ಮುಸ್ತಫಾನಿಂದ ನಮ್ಮ ಪಾರ್ಲರ್‌ಗಳಲ್ಲಿ ಆ ಹೆಸರೇ ನಿಂತಿತು. ಪಾರ್ಲರ್ ಯಂತ್ರಗಳ ಗೇಮ್‌ಗಳಿಗೆ ಮೇಮ್ ಅನ್ನುವ ಎಮ್ಯುಲೇಟರ್ ಇದೆ, 1997ರಿಂದ ಬೆಳೆದು ಬಂದದ್ದು.

ಇಬ್ಬರು ಆಡುವಾಗ ಹೊಸಬರಿಗೆ ಬೇಜಾರಾಗದಂತೆ ನೋಡಿಕೊಳ್ಳುವುದು ಹೇಗೆ?

ನಿಧಾನ ಆಡಿ. ಕಾಂಟ್ರಾದ ಜಲಪಾತದ ಲೆವೆಲ್ ನೆನಪಿದೆಯಾ? ಮೇಲೆ ಹತ್ತುವವನು ಬೇಗ ಹತ್ತಿದರೆ ಪರದೆ ಮೇಲೆ ಸರಿದು ಕೆಳಗಿರುವವನು ಸಾಯುತ್ತಾನೆ. ಅಣ್ಣ ತಮ್ಮಂದಿರ ಎಷ್ಟು ಜಗಳ ಅಲ್ಲಿ ಶುರುವಾಗಿವೆ! ಗೊತ್ತಿರುವವರು ಹಿಂದೆ ಇರಬೇಕು, ಹೊಸಬರು ಮುಂದೆ ಹೋಗಬೇಕು. ಇನ್ನೊಂದು, ಅವರ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡು 'ತಾ, ನಾನು ದಾಟಿಸಿಕೊಡ್ತೀನಿ' ಅನ್ನಬೇಡಿ. ಅವರೇ ಕೇಳಿದರೆ ಮಾತ್ರ.

ಹ್ಯಾಂಡ್‌ಹೆಲ್ಡ್ ಬಂದ ತಕ್ಷಣ ಮಾಡಬೇಕಾದ್ದೇನು?

ಜೊತೆ ಬಂದ ಮೆಮೊರಿ ಕಾರ್ಡ್ ತೆಗೆದಿಡಿ. ಅಗ್ಗದ ಕಾರ್ಡ್‌ಗಳು ಯಾವಾಗ ಬೇಕಾದರೂ ಕೈಕೊಡುತ್ತವೆ, ಸೇವ್ ಎಲ್ಲ ಹೋಗುತ್ತದೆ. ಒಳ್ಳೆ ಕಂಪನಿಯ ಕಾರ್ಡ್ ಹಾಕಿ. ಮಿಯೂ ಮಿನಿಗಾದರೆ ಆನಿಯನ್, ಆನ್‌ಬರ್ನಿಕ್‌ಗಾದರೆ ಮ್ಯೂಓಎಸ್ ತರಹದ, ಯಂತ್ರ ನಡೆಸುವ ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಳ್ಳಿ. ಆಮೇಲೆ ಮೆನುವಿನಲ್ಲಿ ಬೇಡದ ಯಂತ್ರಗಳನ್ನೆಲ್ಲ ಮರೆಮಾಡಿ, ಆ ಮೂರು ಗೇಮ್‌ಗಳನ್ನು ಫೇವರಿಟ್‌ನಲ್ಲಿಡಿ. ಸೇವ್ ಫೋಲ್ಡರ್ ಆಗಾಗ ಕಂಪ್ಯೂಟರ್‌ಗೆ ಕಾಪಿ ಮಾಡಿಟ್ಟುಕೊಳ್ಳಿ.

ಶಾಲೆಯ ಕಂಪ್ಯೂಟರಿನಲ್ಲಿ ಆಡುತ್ತಿದ್ದ ಡೇವ್, ಪ್ರಿನ್ಸ್ ಈಗಲೂ ಆಡಬಹುದಾ?

ಆಡಬಹುದು. ಎರಡೂ ಡಾಸ್ (ವಿಂಡೋಸ್‌ಗೆ ಮುಂಚಿನ ಕಂಪ್ಯೂಟರ್ ವ್ಯವಸ್ಥೆ) ಗೇಮ್‌ಗಳು, ಡಾಸ್‌ಬಾಕ್ಸ್ ಅನ್ನುವ ಎಮ್ಯುಲೇಟರ್‌ನಲ್ಲಿ ಓಡುತ್ತವೆ. ಡೇಂಜರಸ್ ಡೇವ್ ಮಾಡಿದ್ದು ಜಾನ್ ರೊಮೆರೊ. ಮುಂದೆ ಡೂಮ್ ಮಾಡಿದ ತಂಡದಲ್ಲಿ ಇದ್ದದ್ದೂ ಅವರೇ. ಪ್ರಿನ್ಸ್ ಆಫ್ ಪರ್ಷಿಯಾ 1989ರದ್ದು. ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಹಾರಿಸಿ ವಿಡಿಯೋ ಮಾಡಿಕೊಂಡು, ಅದನ್ನು ನೋಡಿ ಒಂದೊಂದೇ ಚಿತ್ರ ಬಿಡಿಸಿದರು. ಅದಕ್ಕೇ ಆ ಓಟದಲ್ಲಿ ಮೈಭಾರ ಕಾಣುತ್ತದೆ. ಈ ಎರಡಕ್ಕೂ ಕೀಬೋರ್ಡೇ ಸರಿ, ಚಿಕ್ಕ ಹ್ಯಾಂಡ್‌ಹೆಲ್ಡ್ ಬೇಡ. ಪ್ರಿನ್ಸ್ ಕೊಡುವಾಗ ಹೊಸಬರಿಗೆ ಒಂದು ವಿಷಯ ಹೇಳಿಬಿಡಿ: ಶಿಫ್ಟ್ ಒತ್ತಿ ಹಿಡಿದು ಬಾಣದ ಕೀ ಒತ್ತಿದರೆ ಅವನು ಹುಷಾರಾಗಿ ಒಂದೊಂದೇ ಹೆಜ್ಜೆ ಇಡುತ್ತಾನೆ. ಹಾಗೆ ನಡೆದರೆ ಮುಳ್ಳುಗಳ ನಡುವೆಯೂ ಏನೂ ಆಗದೆ ದಾಟಬಹುದು.